ಈಟಿಯ ಕುತ್ತಿಗೆಗೆ ಕಟ್ಟಿದ ನೂಲು

ಕಳೆದ ಶುಕ್ರವಾರ ನೀವಿಬ್ಬರೂ ಮಾಲ್‌ನಲ್ಲಿ ಈಟಿಯ ಆಟ ಆಡುವಾಗ ನಾನು ಹಿಂದೆ ನಿಂತಿದ್ದೆ. ಆಟ ಮುಗಿದ ಮೇಲೆ, ದೊಡ್ಡವಳೇ, ಅಜ್ಜಿ ಪರದೆ ನೋಡದೆ ನನ್ನ ಕೈಯನ್ನೇ ಯಾಕೆ ನೋಡುತ್ತಿದ್ದರು ಎಂದು ನೀನು ನಿನ್ನ ತಮ್ಮನನ್ನು ಕೇಳಿದೆ. ಇಂಗ್ಲಿಷಿನಲ್ಲಿ ಕೇಳಿದರೂ ನನಗೆ ಅರ್ಥವಾಯಿತು. ಅಲ್ಲಿ ಗದ್ದಲವಿತ್ತು. ನಾಲ್ಕು ಜನರ ನಡುವೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೆ ಗೊತ್ತಿದೆ. ಬರೆಯುವುದಾದರೆ ನಿಧಾನವಾಗಿ ಬರೆಯಬಹುದು. ಅಕ್ಷರ ಕೂಡಿಸಿ ಓದುವಷ್ಟು ಕನ್ನಡ ನೀವು ಕಲಿತಿದ್ದೀರಿ. ತಡವರಿಸಿದಲ್ಲಿ ನಿಮ್ಮ ಅಮ್ಮ ಹೇಳಿಕೊಡುತ್ತಾಳೆ.

ನಾನು ನೋಡುತ್ತಿದ್ದದ್ದು ನಿನ್ನ ಕೈಯನ್ನಲ್ಲ. ಹಿಡಿಯಿಂದ ಕೇಬಲ್ ಹೊರಗೆ ಬರುವ ಜಾಗವನ್ನು. ನಮ್ಮ ವರ್ಕ್‌ಶಾಪ್‌ನಲ್ಲಿ ಅದನ್ನು ಕುತ್ತಿಗೆ ಎಂದು ಕರೆಯುತ್ತಿದ್ದೆವು.

ಆ ಆಟದ ಮೊದಲ ಭಾಗದಲ್ಲಿ ಒಂದು ಕೋಲು, ಆರು ಗುಂಡಿಗಳು ಮಾತ್ರ ಇದ್ದವು. ಆಗ ನಾನು ಆಟದ ಹಾಲ್‌ನಲ್ಲಿ ಆ ಗುಂಡಿಗಳನ್ನು ಒರೆಸುತ್ತಿದ್ದವಳು. ನಿಮ್ಮ ಅಜ್ಜ ತೀರಿಹೋದ ಮೇಲೆ ಕ್ಲೀನಿಂಗ್ ಕಂಪನಿಯ ವೀಸಾದಲ್ಲಿ ಗಲ್ಫಿಗೆ ಬಂದಿದ್ದೆ, ಕಂಪನಿ ನನ್ನನ್ನು ಅಲ್ಲಿಗೆ ಕಳುಹಿಸಿತ್ತು. ಎರಡನೆಯ ಭಾಗ ಬಂದಾಗ ಕೋಲೂ ಇಲ್ಲ, ಗುಂಡಿಯೂ ಇಲ್ಲ. ಪ್ರತಿ ಯಂತ್ರಕ್ಕೆ ಮೊಳದುದ್ದದ ಎರಡು ಹಿಡಿಗಳು. ಆಡುವವರು ಎದ್ದು ನಿಂತು ಅದನ್ನು ಬೀಸಬೇಕು. ಪರದೆಯಲ್ಲಿ ಅದು ಒಬ್ಬನಿಗೆ ಕತ್ತಿಯಾಗುತ್ತದೆ, ಇನ್ನೊಬ್ಬನಿಗೆ ಸರಪಳಿಯಾಗುತ್ತದೆ, ಬಿಳಿ ಕೂದಲಿನ ಹೆಂಗಸನ್ನು ಆರಿಸಿಕೊಂಡರೆ ಈಟಿಯಾಗುತ್ತದೆ. ಎಲ್ಲ ಮಕ್ಕಳಿಗೂ ಅವಳೇ ಬೇಕು. ಹಾಗಾಗಿ ನಾವು ಹಿಡಿಯನ್ನೇ ಈಟಿ ಎಂದು ಕರೆದೆವು. ಮೊದಲ ಭಾಗದಲ್ಲಿ ಅವಳ ಕೂದಲು ಕಪ್ಪಗಿತ್ತು, ಅವಳ ಗ್ರಹವನ್ನು ಸುಟ್ಟುಹಾಕಿದ್ದರು. ಎರಡನೆಯದರಲ್ಲಿ ಬಹಳ ವರ್ಷಗಳ ಮೇಲೆ ಅದೇ ಶತ್ರುಗಳನ್ನು ಹುಡುಕಿಕೊಂಡು ಒಬ್ಬಳೇ ಬರುತ್ತಾಳೆ. ಈ ಕಥೆಯನ್ನು ನನಗೆ ಹೇಳಿದ್ದು ನಮ್ಮ ಸ್ಟೋರ್ ನೋಡಿಕೊಳ್ಳುತ್ತಿದ್ದ ಪುತ್ತೂರಿನವನು.

ಕಾರ್ಖಾನೆಗಳ ಪ್ರದೇಶವಾದ ಸಬ್ಹಾನ್‌ನಲ್ಲಿದ್ದ ವರ್ಕ್‌ಶಾಪ್‌ಗೆ ನಾನು ಹೋದದ್ದು ಒಂದು ಗಂಟಿನಿಂದ. ಯಂತ್ರದ ಹಿಂದೆ ಜೋತುಬಿದ್ದಿದ್ದ ವಯರುಗಳನ್ನು ಒರೆಸಲು ಅಡ್ಡಿಯಾಗುತ್ತದೆಂದು ನಾನು ನೂಲಿನಲ್ಲಿ ಕಟ್ಟಿದ್ದೆ. ರಿಪೇರಿಗೆ ಬಂದಿದ್ದ ಹಿರಿಯ ಮಿಸ್ತ್ರಿ ಅದನ್ನು ಎಳೆದು ನೋಡಿ, ಇದನ್ನು ಕಟ್ಟಿದ್ದು ಯಾರು ಎಂದು ಕೇಳಿದರು. ಅವರು ಬೀದರ್ ಕಡೆಯವರು. ಅಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರು ಮ್ಯಾನೇಜರನ್ನು ಕೇಳಿ ನನ್ನನ್ನು ತಮ್ಮ ಮೇಜಿನ ಪಕ್ಕಕ್ಕೆ ಕರೆಸಿಕೊಂಡರು. ವೀಸಾ ಮಾತ್ರ ಕ್ಲೀನಿಂಗ್ ಕಂಪನಿಯದೇ.

ಹೊಸ ಯಂತ್ರಗಳ ಜೊತೆ ಬಂದ ಕೇಬಲ್ ಗಟ್ಟಿಯಾಗಿತ್ತು. ಮಕ್ಕಳು ಬೀಸಿ ಎಳೆದು ಮೊದಲ ತಿಂಗಳಲ್ಲೇ ಒಂದೊಂದಾಗಿ ತುಂಡಾದವು. ಹೊರದೇಶದಿಂದ ಬೇರೆ ಕೇಬಲ್ ಬರಲು ತಿಂಗಳುಗಟ್ಟಲೆ ಆಗುತ್ತದೆಂದು ಉತ್ತರ ಬಂತು. ಉಸ್ತಾದ್ ಪೇಟೆಯಿರುವ ಶುವೈಖ್‌ಗೆ ಹೋಗಿ ಅಂಗಡಿ ಅಂಗಡಿ ತಿರುಗಿ ಮೆತ್ತಗಿನ ರಬ್ಬರ್ ಕೇಬಲ್ ತಂದರು. ನಮ್ಮಲ್ಲಿ ಮೂರು ಹಾಲ್, ಹನ್ನೆರಡು ಯಂತ್ರ, ಇಪ್ಪತ್ನಾಲ್ಕು ಈಟಿ. ಎಲ್ಲವನ್ನೂ ನಾವೇ ಹೊಸದಾಗಿ ಕಟ್ಟಬೇಕಾಗಿತ್ತು.

ಕೆಲಸ ಹೀಗಿತ್ತು. ನಾನು ಕೇಬಲ್ಲನ್ನು ಅಳೆದು ಕತ್ತರಿಸಿ, ತುದಿಯಲ್ಲಿ ಬೆರಳುದ್ದ ರಬ್ಬರ್ ಸುಲಿದು, ಒಳಗಿನ ಎಂಟು ವಯರುಗಳನ್ನು ಬಿಡಿಸಿ, ಒಂದೊಂದರ ತುದಿಯ ತಾಮ್ರಕ್ಕೂ ಸ್ವಲ್ಪ ಸೀಸ ಹಿಡಿಸಿ ಉಸ್ತಾದರ ಕೈಗೆ ಕೊಡುವುದು. ಹಿಡಿಯೊಳಗೆ ಉಗುರಗಲದ ಒಂದು ಹಲಗೆ ಇರುತ್ತದೆ, ಕೈ ಯಾವ ಕಡೆಗೆ ಎಷ್ಟು ಜೋರಾಗಿ ಬೀಸಿತೆಂದು ಯಂತ್ರಕ್ಕೆ ಹೇಳುವುದು ಅದೇ. ಉಸ್ತಾದ್ ಭೂತಗನ್ನಡಿಯ ದೀಪದ ಕೆಳಗೆ ಎಂಟು ವಯರುಗಳನ್ನೂ ಆ ಹಲಗೆಗೆ ಬೆಸೆಯುತ್ತಿದ್ದರು. ಅದು ಕೂದಲೆಳೆಯ ಲೆಕ್ಕದ ಕೆಲಸ. ಆಮೇಲೆ ಮತ್ತೆ ನನ್ನ ಪಾಳಿ. ಎಂಟು ವಯರುಗಳನ್ನು ಒಟ್ಟು ಹಿಡಿದು ಕುತ್ತಿಗೆಯಲ್ಲಿ ಮೇಣ ಹಚ್ಚಿದ ನೂಲಿನಿಂದ ಕಬ್ಬಿಣದ ಬಳೆಗೆ ಕಟ್ಟಬೇಕು. ಯಾರು ಎಷ್ಟೇ ಎಳೆದರೂ ಆ ಎಳೆತ ಬೆಸುಗೆಗೆ ತಾಗದೆ ಬಳೆಯಲ್ಲೇ ನಿಲ್ಲಲಿ ಎಂದು.

ಮೊದಲ ದಿನ ನಾನು ಕಟ್ಟಿದ್ದನ್ನು ಉಸ್ತಾದ್ ಬಿಚ್ಚಿದರು. "ಇಷ್ಟು ಬಿಗೀಬ್ಯಾಡ್ರಿ, ಬೆಹನ್. ನೂಲಿನ ಕೆಳಗ ಒಂದು ಅಕ್ಕಿಕಾಳು ಹೋಗಬೇಕು. ಬೀಸಿದಾಗ ವಯರಿಗೆ ಅತ್ತಿತ್ತ ಸರೀಲಿಕ್ಕ ಜಾಗ ಬೇಕಲ್ರಿ." ನಿಜವಾಗಿಯೂ ತಮ್ಮ ಊಟದ ಡಬ್ಬಿಯಿಂದ ಒಂದು ಅಗುಳು ತೆಗೆದು ತೋರಿಸಿದರು.

ಕೊನೆಯಲ್ಲಿ ಪರೀಕ್ಷೆ. ಈಟಿಯನ್ನು ಒಂದು ಪೆಟ್ಟಿಗೆಗೆ ಸಿಕ್ಕಿಸಿ ಬೀಸಿದರೆ ಒಂದೊಂದು ಹೊಡೆತಕ್ಕೂ ಹಸಿರು ದೀಪ ಮಿನುಗುತ್ತದೆ. ಇನ್ನೂರು ಹೊಡೆತ, ಎದ್ದು ನಿಂತು, ಪೂರ್ತಿ ತೋಳು ಬೀಸಿ. ಅದಾದ ಮೇಲೆ ಉಸ್ತಾದ್ ಹಿಡಿಯನ್ನು ಬಿಚ್ಚಿ ನೋಡಿ, ಮುಚ್ಚಿ, ತಿರುಪಿನ ಮೇಲೆ ಚೀಟಿ ಅಂಟಿಸಿ ಸಹಿ ಹಾಕುತ್ತಿದ್ದರು. ಚೀಟಿ ಹರಿಯದೆ ಅದನ್ನು ಮತ್ತೆ ಬಿಚ್ಚಲಾಗದು.

ಇದರಲ್ಲಿ ಎರಡು ಕಡೆ ನಾನು ತಪ್ಪಿದೆ. ಎರಡೂ ಒಂದೇ ಸಲ ಆದದ್ದಲ್ಲ. ಬೆಳಿಗ್ಗೆಯ ಬಿಸಿಲು ಹೊಸ್ತಿಲು ದಾಟಿ ಬರುವ ಹಾಗೆ ನಿಧಾನವಾಗಿ ಆಯಿತು.

ಮೊದಲನೆಯದು ನಾಚಿಕೆ. ಆ ವರ್ಕ್‌ಶಾಪ್‌ನಲ್ಲಿ ಒಂಬತ್ತು ಗಂಡಸರು, ಹೆಂಗಸೆಂದರೆ ನಾನೊಬ್ಬಳೇ. ಕಂಪನಿಯ ಪ್ಯಾಂಟು ಅಂಗಿಯ ಮೇಲೆ ಶಾಲು ಹೊದ್ದು ಕೂರುತ್ತಿದ್ದೆ. ಅಷ್ಟು ಜನರ ಎದುರು ಎದ್ದು ನಿಂತು ಯುದ್ಧಕ್ಕೆ ಹೊರಟವಳ ಹಾಗೆ ತೋಳು ಬೀಸಲು ನನ್ನಿಂದ ಆಗಲಿಲ್ಲ. ಮೂರು ದಿನ ಹೇಗೋ ಮಾಡಿದೆ. ನಾಲ್ಕನೆಯ ದಿನದಿಂದ ಕುಳಿತಲ್ಲೇ ಮಣಿಕಟ್ಟು ಆಡಿಸಿ ಇನ್ನೂರು ಎಣಿಸತೊಡಗಿದೆ. ದೀಪ ಹೇಗೂ ಮಿನುಗುತ್ತಿತ್ತು. ಪುತ್ತೂರಿನವನು ಒಮ್ಮೆ ನೋಡಿ ನಕ್ಕ. "ಎಂತ ಅಕ್ಕ, ಕೂತಲ್ಲೇ ಯುದ್ಧವಾ? ಆ ಬಿಳಿ ಕೂದಲಿನವಳು ನೋಡಿದ್ರೆ ಕೆಲಸ ಬಿಟ್ಟು ಊರಿಗೆ ಹೋಗ್ತಾಳೆ." ನಾನೂ ನಕ್ಕೆ. ಕುಳಿತೇ ಇದ್ದೆ.

ಎರಡನೆಯದು ನನ್ನ ಬೆರಳು. ಮದುವೆಗೆ ಮೊದಲೂ ಆಮೇಲೂ ನಾನು ಬೀಡಿ ಕಟ್ಟಿದವಳು. ಎಲೆ ಸುರುಳಿ ಸುತ್ತಿ ಕೊನೆಗೆ ನೂಲು ಎರಡು ಸುತ್ತು ಹಾಕಿ ಎಳೆದುಬಿಟ್ಟರೆ ಅದು ಅಲುಗಬಾರದು. ಗಂಟು ಸಡಿಲವಾದ ಬೀಡಿಯನ್ನು, ಕಟ್ಟಿದ್ದನ್ನು ಕೊಡುವ ಬ್ರಾಂಚಿನಲ್ಲಿ ಆರಿಸಿ ಆಚೆ ಹಾಕುತ್ತಾರೆ. ಸಡಿಲ ಗಂಟೆಂದರೆ ಕೆಟ್ಟ ಕೆಲಸ, ಇದು ನನ್ನ ತಲೆಗಿಂತ ಮೊದಲು ಬೆರಳಿಗೆ ಗೊತ್ತು. ಉಸ್ತಾದ್ ಹೇಳಿದ ಮೇಲೆ ಕೆಲವು ದಿನ ಅಕ್ಕಿಕಾಳನ್ನು ನೆನಪಿಟ್ಟುಕೊಂಡು ಕಟ್ಟಿದೆ. ಕೈಗೆ ವೇಗ ಬಂದ ಹಾಗೆ ನೆನಪು ಹಿಂದೆ ಬಿತ್ತು. ಬೆರಳು ಅದರ ಪಾಡಿಗೆ ಎಳೆಯಿತು. ನನ್ನ ಗಂಟು ಅಂದವಾಗಿರುತ್ತಿತ್ತು, ಒಂದರ ಹಾಗೆ ಇನ್ನೊಂದು. ಉಸ್ತಾದರಿಗೂ ನನ್ನ ಮೇಲೆ ಭರವಸೆ ಬಂದಿತ್ತು. ಹಿಡಿಯನ್ನು ಬಿಚ್ಚಿ ನೋಡುವುದನ್ನು ಬಿಟ್ಟು ನೇರವಾಗಿ ಚೀಟಿ ಅಂಟಿಸಿ ಸಹಿ ಹಾಕತೊಡಗಿದರು. ಅದು ನನಗೆ ಹೆಮ್ಮೆಯಾಗಿತ್ತು.

ಇಪ್ಪತ್ನಾಲ್ಕೂ ಮುಗಿದು ಹಾಲ್‌ಗಳಿಗೆ ಹೋದವು. ಐದಾರು ವಾರ ಏನೂ ಸುದ್ದಿಯಿಲ್ಲ. ಆಮೇಲೆ ದೊಡ್ಡ ಹಾಲ್‌ನಿಂದ ದೂರು ಬಂತು. ಈಟಿ ಬೀಸಿದರೆ ಕೆಲವು ಸಲ ಹೊಡೆತ ಬೀಳುವುದಿಲ್ಲ. ಪರದೆಯಲ್ಲಿ ಬಿಳಿ ಕೂದಲಿನವಳು ಈಟಿ ಹಿಡಿದು ಸುಮ್ಮನೆ ನಿಲ್ಲುತ್ತಾಳೆ, ಎದುರಾಳಿ ಬಂದು ಹೊಡೆದುಹೋಗುತ್ತಾನೆ. ಮತ್ತೆ ತಾನಾಗಿ ಸರಿಯಾಗುತ್ತದೆ.

ಬಂದು ಹೋಗುವ ರೋಗವನ್ನು ಹಿಡಿಯುವುದು ಕಷ್ಟ. ಈಟಿಗಳನ್ನು ತರಿಸಿ ನನ್ನ ಮೇಜಿನಲ್ಲಿ ಎಂದಿನಂತೆ ಕುಳಿತೇ ಪರೀಕ್ಷೆ ಮಾಡಿದೆ. ಇನ್ನೂರಕ್ಕೆ ಇನ್ನೂರೂ ದೀಪ ಮಿನುಗಿತು. ಉಸ್ತಾದ್ ಹಾಲ್‌ಗೆ ಹೋಗಿ ಯಂತ್ರಕ್ಕೆ ಕರೆಂಟು ಕೊಡುವ ಪೆಟ್ಟಿಗೆ ಬದಲಾಯಿಸಿದರು. ಎರಡು ದಿನ ಬಿಟ್ಟು ಮತ್ತೆ ದೂರು. ಕೇಬಲ್ ಸಿಕ್ಕಿಸುವ ಜಾಗದ ಪಿನ್ನುಗಳನ್ನು ಬದಲಾಯಿಸಿದರು. ಮತ್ತೆ ದೂರು. ಆ ವಾರ ಧೂಳುಗಾಳಿ ಎದ್ದಿತ್ತು, ಧೂಳೇ ಕಾರಣವೆಂದು ಪುತ್ತೂರಿನವನು ವಾದಿಸಿದ. ಯಂತ್ರಗಳ ಒಳಗೆಲ್ಲ ಗಾಳಿ ಊದಿ ತೆಗೆದೆವು. ಅದರಿಂದಲೂ ಆಗಲಿಲ್ಲ.

ಶಾಲೆಗಳ ರಜೆಗೆ ಹಾಲ್‌ನಲ್ಲಿ ಒಂದು ಪಂದ್ಯ ಇಟ್ಟಿದ್ದರು. ಅದಕ್ಕೆ ಮೊದಲಿನ ಅಭ್ಯಾಸದ ಆಟದಲ್ಲೇ ಜಗಳವಾಯಿತು. ಬಲಗಡೆಯ ಈಟಿಯನ್ನು ಬೇಕೆಂದೇ ಕೆಡಿಸಿದ್ದಾರೆ, ಮೋಸ ಎಂದು ಸೋತವರು ಕೂಗಾಡಿದರು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಮ್ಯಾನೇಜರಿಗೆ ಕಳುಹಿಸಿದರು. ಅವರು ಈಜಿಪ್ಟಿನವರು, ಜೋರಾಗಿ ಮಾತಾಡುವವರಲ್ಲ. ಮರುದಿನ ವರ್ಕ್‌ಶಾಪ್‌ಗೆ ಬಂದು ಉಸ್ತಾದರ ಮೇಜಿನ ಮೇಲಿದ್ದ ಕಣ್ಣಿನ ಔಷಧದ ಬಾಟಲಿಯನ್ನು ಎತ್ತಿ ನೋಡಿ ಇಟ್ಟರು. ಹಿಂದಿನ ರಜೆಯಲ್ಲಿ ಉಸ್ತಾದ್ ಊರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರು. ಮ್ಯಾನೇಜರ್ ಹೇಳಿದ್ದು ಇಷ್ಟೇ: ಬೆಸುಗೆ ಸರಿಯಾಗಿಲ್ಲ, ಈ ಕೆಲಸಕ್ಕೆ ಕಣ್ಣು ಬೇಕು.

ಆ ಮಾತಿನ ಭಾರ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಿಂಗಳ ಕೊನೆಗೆ ಉಸ್ತಾದರ ಇಕಾಮಾ, ಅಂದರೆ ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ, ಮುಗಿಯುತ್ತಿತ್ತು. ವಯಸ್ಸು ಅರವತ್ತರ ಹತ್ತಿರ. ಈ ಮನುಷ್ಯ ಇಲ್ಲದೆ ಆಗುವುದಿಲ್ಲವೆಂದು ಮ್ಯಾನೇಜರ್ ಪತ್ರ ಬರೆದುಕೊಟ್ಟರೆ ಮಾತ್ರ ಆಫೀಸಿನವರು ನವೀಕರಿಸುವುದು. ಅವರ ಕೊನೆಯ ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. "ಇನ್ನೊಂದು ವರುಷ ಸಿಕ್ರ ಸಾಕು, ಬೆಹನ್, ಆಕಿ ಓದು ಮುಗೀತದ. ಆಮ್ಯಾಲ ಇವರು ಕಳಸೋದು ಬ್ಯಾಡ, ನಾನೇ ಹೋಗ್ತೀನಿ" ಎಂದು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದರು.

ಆ ಭಾನುವಾರ ಕೆಟ್ಟ ಈಟಿಗಳನ್ನು ತರಲು ಪುತ್ತೂರಿನವನ ಜೊತೆ ನನ್ನನ್ನು ಹಾಲ್‌ಗೆ ಕಳುಹಿಸಿದರು. ಅವನು ಕಾಗದಕ್ಕೆ ಸಹಿ ಮಾಡಿಸಲು ಹೋದಾಗ ನಾನು ಯಂತ್ರದ ಬದಿಯಲ್ಲಿ ನಿಂತಿದ್ದೆ. ಹತ್ತು ಹನ್ನೆರಡು ವರ್ಷದ ಒಬ್ಬ ಅರಬ್ ಹುಡುಗಿ ಆಡುತ್ತಿದ್ದಳು. ಈಟಿಯನ್ನು ತಲೆಯ ಹಿಂದಕ್ಕೆ ಎತ್ತಿ, ಸೊಂಟ ತಿರುಗಿಸಿ, ಇಡೀ ಮೈಯಿಂದ ಬೀಸಿದಳು. ಆ ಹೊತ್ತಿನಲ್ಲಿ ಕೇಬಲ್ ಕುತ್ತಿಗೆಯಲ್ಲಿ ಪೂರ್ತಿ ಹಿಂದಕ್ಕೆ ಮಡಚಿತು, ಬೀಸಿ ಮುಗಿದಾಗ ಮುಂದಕ್ಕೆ ಮಡಚಿತು. ನನ್ನ ಮೇಜಿನ ಮೇಲೆ ಅದು ಒಂದು ಸಲವೂ ಹಾಗೆ ಮಡಚಿರಲಿಲ್ಲ. ಮಡಚುವಷ್ಟು ನಾನು ಬೀಸಿರಲೇ ಇಲ್ಲ.

ವರ್ಕ್‌ಶಾಪ್‌ಗೆ ಬಂದು ಒಂದು ಈಟಿಯನ್ನು ಬಿಚ್ಚಿದೆ. ಬೆಸುಗೆ ಎಂಟೂ ಹೊಸದರಂತೆ ಹೊಳೆಯುತ್ತಿದ್ದವು. ನನ್ನ ಗಂಟನ್ನು ಕತ್ತರಿಯಿಂದ ತೆಗೆದೆ. ನೂಲು ಕೂತಿದ್ದ ಜಾಗದಲ್ಲಿ ಕೆಂಪು ವಯರಿನ ಸಿಪ್ಪೆ ಸುತ್ತಲೂ ಕಡಿದುಹೋಗಿತ್ತು. ಒಳಗಿನ ತಾಮ್ರದ ಎಳೆಗಳಲ್ಲಿ ಒಂದೆರಡು ಉಳಿದಿದ್ದವು. ಸುಮ್ಮನಿದ್ದಾಗ ತುದಿಗೆ ತುದಿ ತಾಗಿ ಕರೆಂಟು ಹೋಗುತ್ತದೆ, ಬೀಸಿದಾಗ ತಪ್ಪುತ್ತದೆ. ಬಂದು ಹೋಗುವ ರೋಗ ಅದೇ.

ನೋಡಿದ ಕೂಡಲೇ ಹೇಳಬೇಕಿತ್ತು. ಹೇಳಲಿಲ್ಲ. ಉಸ್ತಾದ್ ಎರಡು ಮಾರು ದೂರದಲ್ಲಿ ಬೆನ್ನು ಹಾಕಿ ಕುಳಿತಿದ್ದರು. ನನ್ನ ವೀಸಾ, ನಿಮ್ಮ ಅಮ್ಮನ ಓದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಯಾರಿಗೂ ತಿಳಿಯದ ಹಾಗೆ ಒಂದೊಂದನ್ನೇ ಸರಿಮಾಡಿಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡೆ. ಕೇಬಲ್ ಚೋಟುದ್ದ ಕತ್ತರಿಸಿ ಹೊಸ ತುದಿ ಮಾಡಿ, ಬೆಸೆಯಲು ಉಸ್ತಾದರಿಗೆ ಕೊಟ್ಟೆ. ಅವರು ಯಾಕೆಂದು ಕೇಳಲಿಲ್ಲ. ಹೇಗೂ ಮತ್ತೆ ಬೆಸೆಯಬೇಕೆಂದೇ ಇದ್ದರು. ಈ ಸಲ ನೂಲಿನ ಕೆಳಗೆ ಅಕ್ಕಿಕಾಳಿನಷ್ಟು ಜಾಗ ಬಿಟ್ಟು ಕಟ್ಟಿದೆ. ಹೀಗೆ ನಾಲ್ಕು ದಿನದಲ್ಲಿ ಮೂರು ಈಟಿಗಳಾದವು.

ಮೂರೂ ಹಾಲ್‌ಗೆ ಹೋದವು, ಒಂದೂ ತಪ್ಪಲಿಲ್ಲ. ನನ್ನ ಎದೆ ಹಗುರವಾಯಿತು.

ಅದು ಎರಡು ದಿನ ಮಾತ್ರ. ಮ್ಯಾನೇಜರ್ ಬಂದರು. ಹೊಸದಾಗಿ ಬೆಸೆದ ಮೂರೂ ಸರಿಯಾಗಿವೆ, ಹಾಗಾದರೆ ಮೊದಲಿನ ಬೆಸುಗೆಯೇ ಕೆಟ್ಟದ್ದು, ನಾನು ಹೇಳಿದ್ದು ನಿಜವಾಯಿತು ಎಂದರು. ಪತ್ರದ ಬಗ್ಗೆ ಉಸ್ತಾದ್ ಕೇಳಿದಾಗ, ಗುರುವಾರ ಆಫೀಸಿಗೆ ಹೋಗುತ್ತೇನೆ, ಬರೆಯುವುದು ಕಷ್ಟ ಎಂದರು.

ನಾನು ಮೇಣದ ನೂಲು ಹಿಡಿದು ಕುಳಿತಿದ್ದೆ. ಗುಟ್ಟಾಗಿ ಸರಿಮಾಡಿ ನಾನು ಮುಚ್ಚಿದ್ದು ನನ್ನ ತಪ್ಪನ್ನು ಮಾತ್ರವಲ್ಲ. ಅದನ್ನು ಅವರ ತಲೆಯ ಮೇಲೆ ಹೊರಿಸಿ, ಸಾಕ್ಷಿಯನ್ನೂ ನಾನೇ ತಯಾರಿಸಿಕೊಟ್ಟಿದ್ದೆ. ಮುಂದೆ ಎಷ್ಟು ಈಟಿಗಳನ್ನು ಸರಿಮಾಡುತ್ತೇನೋ ಅಷ್ಟೂ ಅವರ ವಿರುದ್ಧವೇ ಸೇರುತ್ತವೆ.

ಆದರೂ ಇನ್ನೂ ಕೆಲವು ದಿನ ಸುಮ್ಮನಿದ್ದೆ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಬಿಟ್ಟರೆ ಉಳಿದದ್ದು ಸುಳ್ಳಾಗುತ್ತದೆ. ಆ ದಿನಗಳಲ್ಲಿ ಉಸ್ತಾದ್ ಒಂದು ಕಣ್ಣು ಮುಚ್ಚಿ ದೀಪ ನೋಡುವುದು, ಅದನ್ನು ತೆರೆದು ಇನ್ನೊಂದನ್ನು ಮುಚ್ಚಿ ನೋಡುವುದು ಮಾಡುತ್ತಿದ್ದರು. ಒಂದು ಬೆಸುಗೆಗೆ ಮೊದಲಿನ ಮೂರು ಪಟ್ಟು ಹೊತ್ತು ಹಿಡಿಯುತ್ತಿತ್ತು. ಮಂಗಳವಾರ ಮಧ್ಯಾಹ್ನ ಹಲಗೆಯ ಮೇಲಿನ ಸಣ್ಣ ನಂಬರನ್ನು ನನ್ನ ಕಡೆ ಚಾಚಿದರು. "ಇದೇನದ ಓದ್ರಿ, ಬೆಹನ್. ನನಗ ಐದು ಕಾಣ್ತದ. ಖರೆ ಐದೇ ಅದನೋ ಇಲ್ಲೋ ನನಗ ನಂಬಿಕಿ ಇಲ್ಲ." ಅದು ಐದೇ ಆಗಿತ್ತು. ಎಂದಿನ ಹಾಗೆ ಸರಿಯಾಗಿಯೇ ಓದಿದ್ದರು.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಪುತ್ತೂರಿನವನಿಗೆ ಹೇಳಿದೆ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಕ್ಕ, ಸುಮ್ನೆ ಇರಿ. ನಿಮ್ಮ ವೀಸಾ ಕೊಟ್ಟ ಕಫೀಲ್ ಬೇರೆ. ಇವರು ಕ್ಲೀನಿಂಗ್ ಕಂಪನಿಗೆ ಒಂದು ಫೋನ್ ಮಾಡಿದ್ರೆ ಖಲಾಸ್, ನಿಮ್ಮನ್ನು ಊರಿಗೆ ಹತ್ತಿಸ್ತಾರೆ. ಉಸ್ತಾದ್‌ರಿಗಾದ್ರೂ ವಯಸ್ಸಾಯ್ತು."

ನಾನು ಅವನನ್ನು ಕೇಳಿದ್ದು ಒಂದೇ, ಮ್ಯಾನೇಜರಿಗೆ ಅವರ ಭಾಷೆಯಲ್ಲಿ ಹೇಳುತ್ತೀಯಾ ಎಂದು. ಅವನು ಸ್ಟೋರಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. "ಬರೀ ಹೇಳಿದ್ರೆ ನಂಬುದಿಲ್ಲ. ಉಸ್ತಾದ್‌ರನ್ನು ಉಳಿಸ್ಲಿಕ್ಕೆ ಹೇಳ್ತಿದ್ದೀರಿ ಅಂತಾರೆ. ನೀವು ಅವರೆದುರು ಬೀಸಿ ತೋರಿಸಿ. ನಾನು ಎಣಿಸ್ತೇನೆ."

ಅದೇ ಸರಿಯೆಂದು ನನಗೂ ಅನ್ನಿಸಿತು. ಆದರೆ ನಿಜ ಹೇಳುತ್ತೇನೆ, ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಅಷ್ಟು ಜನರ ಎದುರು ಎದ್ದು ನಿಂತು ಬೀಸುವುದೇ ನನಗೆ ಹೆಚ್ಚು ಭಯವಾಗಿತ್ತು.

ಬುಧವಾರ ಬೆಳಿಗ್ಗೆ ಮ್ಯಾನೇಜರ್ ಬಂದಾಗ ಪುತ್ತೂರಿನವನು ಅವರನ್ನು ನನ್ನ ಮೇಜಿನ ಬಳಿಗೆ ಕರೆತಂದ. ಹಾಲ್‌ನಿಂದ ತಂದ, ಇನ್ನೂ ಬಿಚ್ಚಿರದ ಒಂದು ಈಟಿಯನ್ನು ಆರಿಸಿಟ್ಟಿದ್ದೆ. ಉಸ್ತಾದರ ಸಹಿಯ ಚೀಟಿ ಹರಿದಿಲ್ಲವೆಂದು ಅವರಿಗೆ ತೋರಿಸಿದೆ. ಪೆಟ್ಟಿಗೆಗೆ ಸಿಕ್ಕಿಸಿದೆ. ಶಾಲು ತೆಗೆದು ಕುರ್ಚಿಯ ಮೇಲೆ ಇಟ್ಟು ಎದ್ದು ನಿಂತೆ.

ಮೊದಲಿನ ಹತ್ತು ಹೊಡೆತಗಳು ಹೇಗಿದ್ದವೋ ದೇವರಿಗೇ ಗೊತ್ತು. ಆಚೆ ಮೂಲೆಯಲ್ಲಿ ಯಾರೋ ನಕ್ಕದ್ದು ಕೇಳಿಸಿತು. ನಾನು ಹಾಲ್‌ನಲ್ಲಿ ನೋಡಿದ ಹುಡುಗಿಯನ್ನು ನೆನಪಿಸಿಕೊಂಡೆ. ಈಟಿಯನ್ನು ತಲೆಯ ಹಿಂದಕ್ಕೆ ಎತ್ತಿ ಸೊಂಟ ತಿರುಗಿಸಿ ಬೀಸಿದೆ. ಪುತ್ತೂರಿನವನ ಅಮ್ಮನೂ ಬೀಡಿ ಕಟ್ಟಿದವರೇ, ಅವನು ಇಪ್ಪತ್ತೈದರ ಕಟ್ಟಿನ ಲೆಕ್ಕದಲ್ಲೇ ಎಣಿಸಿದ. ಒಂದು ಕಟ್ಟು ಆಯಿತು, ಎರಡು ಕಟ್ಟು ಆಯಿತು. ದೀಪ ತಪ್ಪದೆ ಮಿನುಗುತ್ತಿತ್ತು. ನಾಲ್ಕನೆಯ ಕಟ್ಟಿಗೆ ನನ್ನ ಹೆಗಲು ಉರಿಯತೊಡಗಿತು, ಬೆವರು ಕಣ್ಣಿಗೆ ಇಳಿಯಿತು. ನಗು ನಿಂತಿತ್ತು. ಮ್ಯಾನೇಜರ್ ಗಡಿಯಾರ ನೋಡಿದರು. ಈ ಒಂದು ಈಟಿಯಲ್ಲಿ ಮಾತ್ರ ನನ್ನ ಗಂಟು ಸಡಿಲವಿದ್ದರೆ ಏನು ಮಾಡಲಿ ಎಂಬ ಯೋಚನೆ ಬಂತು. ಆರನೆಯ ಕಟ್ಟಿನ ನಡುವೆ ಒಂದು ಹೊಡೆತಕ್ಕೆ ದೀಪ ಬರಲಿಲ್ಲ. ಮುಂದಿನದಕ್ಕೆ ಬಂತು. ಏಳನೆಯ ಕಟ್ಟು ಮುಗಿಯುವ ಮೊದಲು ಅದು ಪೂರ್ತಿ ಆರಿತು.

ಮ್ಯಾನೇಜರ್ ಉಸ್ತಾದರ ಕಡೆ ತಿರುಗಿದರು. ಉಸ್ತಾದ್ ಎದ್ದು ನಿಂತಿದ್ದರು. ಅವರ ಮುಖ ನನಗೆ ನೋಡಲಾಗಲಿಲ್ಲ. ತಮ್ಮ ಬೆಸುಗೆಯೇ ಎಲ್ಲರ ಎದುರು ಸೋತಿ­ತೆಂದು ಅವರು ತಿಳಿದಿದ್ದರು.

ನಾನು ಚೀಟಿ ಹರಿದು ಹಿಡಿಯನ್ನು ಬಿಚ್ಚಿದೆ. ಭೂತಗನ್ನಡಿಯ ದೀಪವನ್ನು ಎಳೆದು, ಚಿಮಟವನ್ನು ಮ್ಯಾನೇಜರ್ ಕೈಗೆ ಕೊಟ್ಟೆ. ಅವರು ಎಂಟು ಬೆಸುಗೆಗಳನ್ನೂ ಒಂದೊಂದಾಗಿ ಎಳೆದು ನೋಡಿದರು. ಒಂದೂ ಅಲುಗಲಿಲ್ಲ. ಆಮೇಲೆ ನಾನು ಕುತ್ತಿಗೆಯ ನೂಲನ್ನು ಕತ್ತರಿಸಿದೆ. ಕೆಂಪು ವಯರನ್ನು ಎರಡು ಬೆರಳಲ್ಲಿ ಹಿಡಿದಾಗ ಅದು ಎರಡು ತುಂಡಾಗಿ ಕೈಗೆ ಬಂತು.

"ಇದು ನನ್ನ ಗಂಟು" ಎಂದೆ. "ಕೂತೇ ಪರೀಕ್ಷೆ ಮಾಡಿದ್ದೆ. ಹತ್ತು ದಿನ ಮೊದಲೇ ನನಗೆ ಗೊತ್ತಾಗಿತ್ತು. ಆ ಮೂರನ್ನು ಸರಿಯಾಗಿ ಕಟ್ಟಿದ್ದೂ ನಾನೇ."

ಪುತ್ತೂರಿನವನು ಅದನ್ನೆಲ್ಲ ಮ್ಯಾನೇಜರಿಗೆ ಹೇಳಿದ. ಒಂದು ಮಾತನ್ನೂ ಬಿಟ್ಟಂತೆ ಕಾಣಲಿಲ್ಲ. ಸರಿಯಾಗಿ ಕಟ್ಟಿದ ಮೂರರಲ್ಲಿ ಒಂದನ್ನು ಹಾಲ್‌ನಿಂದ ತರಿಸಿ ಬಿಚ್ಚಿ ನೋಡಿದರು. ಮ್ಯಾನೇಜರ್ ನನ್ನನ್ನು ಬೈಯಲಿಲ್ಲ. ಬಿಚ್ಚಿ ನೋಡದೆ ಸಹಿ ಹಾಕಿದ್ದು ಯಾರು ಎಂದು ಮಾತ್ರ ಕೇಳಿದರು. ಅದನ್ನು ನಾನು ಯೋಚಿಸಿರಲಿಲ್ಲ. "ನಾನೇ" ಎಂದು ಉಸ್ತಾದ್ ಹೇಳಿದರು. ಅವರ ಕಣ್ಣನ್ನು ಉಳಿಸಲು ಹೋಗಿ, ನನ್ನ ಮೇಲೆ ಅವರು ಇಟ್ಟಿದ್ದ ಭರವಸೆಯನ್ನೇ ಅವರ ತಪ್ಪೆಂದು ಎಲ್ಲರ ಎದುರು ತೆರೆದಿಟ್ಟಿದ್ದೆ.

ಪಂದ್ಯಕ್ಕೆ ಬೇಕಾದ ಉಳಿದ ಐದು ಈಟಿಗಳನ್ನು ಗುರುವಾರ ಸಂಜೆಯೊಳಗೆ ಮುಗಿಸಿ ಕಳುಹಿಸಿದೆವು. ಪ್ರತಿಯೊಂದನ್ನೂ ನಿಂತು, ತೋಳು ಬೀಸಿ, ಇನ್ನೂರು ಎಣಿಸಿದೆ. ಪಂದ್ಯದಲ್ಲಿ ಏನೂ ತಪ್ಪಲಿಲ್ಲವಂತೆ. ಆ ವರ್ಕ್‌ಶಾಪ್‌ನ ಗಂಡಸರು ಮೊದಲೆರಡು ದಿನ ತಲೆ ಎತ್ತಿ ನೋಡುತ್ತಿದ್ದರು, ಆಮೇಲೆ ಯಾರೂ ನೋಡಲಿಲ್ಲ. ಮ್ಯಾನೇಜರ್ ಕ್ಲೀನಿಂಗ್ ಕಂಪನಿಗೆ ಫೋನ್ ಮಾಡಲಿಲ್ಲ. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಉಸ್ತಾದರ ಪತ್ರಕ್ಕೆ ಗುರುವಾರವೇ ಸಹಿ ಹಾಕಿದ್ದರೆಂದು ಮುಂದಿನ ವಾರ ತಿಳಿಯಿತು. ಇಕಾಮಾ ಒಂದು ವರ್ಷಕ್ಕೆ ಆಯಿತು.

ಉಸ್ತಾದ್ ಕೆಲಸದ ಮಾತು ಬಿಟ್ಟು ಬೇರೆ ಮಾತಾಡದೆ ಎರಡು ವಾರ ಕಳೆದರು. ಒಂದು ದಿನ ಕೈ ತೊಳೆಯುವಲ್ಲಿ ನಾವಿಬ್ಬರೇ ಇದ್ದೆವು. ನಲ್ಲಿ ನಿಲ್ಲಿಸಿ, ನನ್ನ ಕಡೆ ನೋಡದೆ ಹೇಳಿದರು. "ಗಂಟು ತಪ್ಪೋದು ಎಲ್ಲಾರ ಕೈಯಾಗೂ ಆಗ್ತದ. ಅದು ನನಗ ಬ್ಯಾಸರಿಲ್ಲ. ಆದ್ರ ಮೊದಲ್ನೇ ದಿನಾನೇ ಹೇಳಬೇಕಿತ್ರಿ, ಬೆಹನ್. ಹತ್ತು ದಿನ ನಾ ನನ್ನ ಕಣ್ಣು ನಂಬಲಿಲ್ಲ."

ನಾನು ತಪ್ಪಾಯಿತು ಎಂದೆ. ಅವರು ತಲೆಯಾಡಿಸಿ ಕೈ ಒರೆಸಿಕೊಂಡು ಹೋದರು. ಆಮೇಲೆ ಮಾತು ಮೊದಲಿನಂತಾಯಿತು, ಊಟದ ಡಬ್ಬಿಯಿಂದ ಹಂಚಿಕೊಂಡು ತಿನ್ನುವುದೂ ಮೊದಲಿನಂತಾಯಿತು. ನನ್ನ ಗಂಟನ್ನು ಅವರು ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. ಅದು ಸರಿಯೇ.

ಆದರೆ ಇನ್ನೊಂದು ಅಭ್ಯಾಸವೂ ಉಳಿಯಿತು. ಎಂಟು ಬೆಸುಗೆ ಮುಗಿಸಿದ ಮೇಲೆ ಅವರು ಭೂತಗನ್ನಡಿಯನ್ನು ನನ್ನ ಕಡೆಗೆ ತಿರುಗಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ನಾನು ಒಂದೊಂದನ್ನೂ ನೋಡುತ್ತಿದ್ದೆ. ಮಗಳ ಓದು ಮುಗಿದು ಅವರು ತಾವಾಗಿ ಊರಿಗೆ ಹೊರಟ ದಿನದವರೆಗೂ ಅವರ ಬೆಸುಗೆಯಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ. ಆದರೂ ನಾನು "ಸರಿ ಉಂಟು" ಎನ್ನುವ ತನಕ ಅವರು ಮುಚ್ಚಳ ಹಾಕುತ್ತಿರಲಿಲ್ಲ.